ಹತ್ತಿ ನೋಡಿ, ಇಳಿದು ಮಲಗಿ

ತಪ್ಪು ನನ್ನದೇ. ಆ ಫೋಟೋಗಳನ್ನು ನಾನು ತೋರಿಸಬಾರದಿತ್ತು.

ದಾವಣಗೆರೆಯ ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವ ನಮ್ಮದೊಂದು ಗುಂಪಿದೆ. ನಿವೃತ್ತರು, ಅರೆನಿವೃತ್ತರು, ಅಂಗಡಿಯನ್ನು ಮಗನಿಗೆ ಒಪ್ಪಿಸಿಯೂ ಗಲ್ಲಾಪೆಟ್ಟಿಗೆಯ ಬೀಗದಕೈ ಒಪ್ಪಿಸದವರು, ಹೀಗೆ ಏಳೆಂಟು ಜನ. 2023ರ ಚಳಿಗಾಲದಲ್ಲಿ ನಾನು ಕೆನಡಾದ ಕ್ಯಾಲ್ಗರಿಯಲ್ಲಿರುವ ಮಗಳ ಮನೆಗೆ ಹೋಗಿ ಬಂದೆ. ವಿದೇಶಕ್ಕೆ ಹೋಗಿ ಬಂದವನು ಫೋಟೋ ತೋರಿಸದೆ ಇರುವುದುಂಟೆ? ಏರಿಯ ಮೇಲೆ ನಿಂತು ಮೊಬೈಲನ್ನು ಕೈಯಿಂದ ಕೈಗೆ ದಾಟಿಸಿದೆ. ಮೊಮ್ಮಗಳು ತಲೆಗೆ ಹೆಲ್ಮೆಟ್ ಹಾಕಿಕೊಂಡು ಕಾಲಿಗೆ ಎರಡು ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುತ್ತಿರುವುದು, ಅವಳ ಅಜ್ಜಿ ಸೀರೆಯ ಮೇಲೆ ಅಳಿಯನ ಕೋಟು ತೊಟ್ಟು ಕೆಳಗೆ ನಿಂತು ಚಪ್ಪಾಳೆ ತಟ್ಟುತ್ತಿರುವುದು. ಎಲ್ಲರೂ ನೋಡಿದರು, ಮೆಚ್ಚಿದರು. ಜವಳಿ ವ್ಯಾಪಾರದಲ್ಲಿದ್ದ ಗೆಳೆಯರೊಬ್ಬರು ಮಾತ್ರ ಮೊಬೈಲನ್ನು ಬೇಗ ಬಿಡಲಿಲ್ಲ.

"ಇಂಥಾದ್ದೊಂದು ನಮ್ಮ ಕುದುರೆಮುಖದಾಗ ಯಾಕ್ ಮಾಡಬಾರದ್ರಿ? ಹಿಮ ಇಲ್ಲ ಅಂದ್ರ ಬಿಡ್ರಿ, ಹುಲ್ಲು ಐತಲ್ಲ. ಆ ಗುಡ್ಡದ ಮ್ಯಾಲೆ ಒಂದು ಮರ ಇಲ್ಲ. ಜಾರಾಕ ಹೇಳಿ ಮಾಡಿಸಿದ ಜಾಗ."

ನಾವು ನಕ್ಕೆವು. ಆದರೆ ಅವರು ತಮಾಷೆ ಮಾಡಿರಲಿಲ್ಲ. ಕೆಲವು ದಿನಗಳ ನಂತರ ಅಚ್ಚುಕಟ್ಟಾಗಿ ಟೈಪು ಮಾಡಿಸಿದ ಮನವಿಪತ್ರವೊಂದು ಬಂತು. ಕುದುರೆಮುಖದ ಬೆಟ್ಟಗಳಲ್ಲಿ 'ಸಣ್ಣ ಪ್ರಮಾಣದ, ಕುಟುಂಬಸ್ನೇಹಿ, ಪರಿಸರಸ್ನೇಹಿ' ವಿಹಾರಧಾಮವೊಂದನ್ನು ಸರ್ಕಾರ ಖಾಸಗಿ ಸಹಭಾಗಿತ್ವದಲ್ಲಿ ಸ್ಥಾಪಿಸಬೇಕು. ರೋಪ್‌ವೇ, ಹುಲ್ಲಿನ ಮೇಲಿನ ಜಾರುಬಂಡಿ, ನಲವತ್ತು ಕಾಟೇಜುಗಳು. ಇದರಿಂದ ದಾವಣಗೆರೆ, ಹರಿಹರದ ಮಧ್ಯಮವರ್ಗದ ಕುಟುಂಬಗಳಿಗೆ ಅನುಕೂಲ. ಮಾದರಿ ಎಂದು ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದೊಳಗಿನ ಮೌಂಟ್ ನಾರ್ಕ್ವೇ ಹೆಸರು. ಜೊತೆಗೆ ನನ್ನ ಮೊಮ್ಮಗಳ ಫೋಟೋ. ಕೆಳಗೆ ಮೊದಲ ಸಹಿಗೆ ನನಗಾಗಿ ಜಾಗ ಬಿಟ್ಟಿದ್ದರು.

ಸಹಿ ಹಾಕಲಿಲ್ಲ. ಹಾಕದಿದ್ದುದಕ್ಕೆ 'ತಾನು ಹೋಗಿ ಮಜಾ ಮಾಡಿ ಬಂದ, ಊರಿನವರಿಗೆ ಬೇಡ ಅಂತಾನೆ' ಎಂಬ ಮಾತು ಬಂತು. ಈ ಬರಹ ಆ ಮಾತಿಗೆ ನನ್ನ ಜವಾಬು.

ನಾರ್ಕ್ವೇ ನಿಜಕ್ಕೂ ಸಣ್ಣದು, ನಿಜಕ್ಕೂ ಸಂಸಾರಸ್ಥರ ಜಾಗ. ಬ್ಯಾನ್ಫ್ ಎಂಬ ಊರಿನ ನೆತ್ತಿಯ ಮೇಲೇ ಇದೆ. ಕ್ಯಾಲ್ಗರಿಯಿಂದ ಕಾರಿನಲ್ಲಿ ಒಂದೂವರೆ ಗಂಟೆಯ ಹಾದಿ. 1920ರ ದಶಕದಿಂದ ಜನ ಅಲ್ಲಿ ಹಲಗೆ ಕಟ್ಟಿಕೊಂಡು ಜಾರುತ್ತಿದ್ದಾರೆ. 1948ರಲ್ಲಿ ಕುರ್ಚಿ ಲಿಫ್ಟು ಬಂತು. ಎಳೆಯ ಮಕ್ಕಳಿಗೆ ನಿಧಾನವಾಗಿ ಮೇಲೆ ಹೋಗುವ ಒಂದು ಚಾಪೆಯಿದೆ. ನಮ್ಮ ಅಕ್ಕಿ ಗಿರಣಿಯಲ್ಲಿ ಚೀಲ ಸಾಗಿಸುವ ಬೆಲ್ಟಿನ ಹಾಗೆ. ಮಗು ಅದರ ಮೇಲೆ ನಿಂತರೆ ಸಾಕು, ಮೇಲಕ್ಕೆ ಒಯ್ದು ಬಿಡುತ್ತದೆ. ನಾವು ಮನೆಯಿಂದ ಒಯ್ದಿದ್ದ ಚಪಾತಿ, ಶೇಂಗಾ ಚಟ್ನಿಪುಡಿಯ ಡಬ್ಬಿ ಬಿಚ್ಚಿ ಬೆಂಚಿನ ಮೇಲೆ ಕೂತು ತಿಂದೆವು. ಯಾರೂ ಏನೂ ಅನ್ನಲಿಲ್ಲ. ಸುತ್ತ ಇದ್ದವರೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತಿದ್ದರು.

ಗೆಳೆಯರ ಕಣ್ಣಿಗೆ ಬಿದ್ದದ್ದು ಇಷ್ಟು. ಫೋಟೋದಲ್ಲಿ ಬಾರದ್ದನ್ನು ಈಗ ಹೇಳುತ್ತೇನೆ.

ಸಂಜೆಯಾದ ಮೇಲೆ ನಾವು ಆ ಬೆಟ್ಟದ ಮೇಲೆ ಇರಲಿಲ್ಲ. ಇರಲು ಅಲ್ಲಿ ಕೋಣೆಯೇ ಇಲ್ಲ. ಲಿಫ್ಟು, ತಿಂಡಿಯ ಕಟ್ಟಡ, ಹಲಗೆ ಬಾಡಿಗೆಗೆ ಕೊಡುವ ಜಾಗ, ಮುಗಿಯಿತು. ಮಲಗುವವರು ಇಳಿದು ಊರಿಗೆ ಬರಬೇಕು. ಊರೂ ಉದ್ಯಾನದೊಳಗೇ ಇರುವುದರಿಂದ ಅದಕ್ಕೂ ಕಟ್ಟಳೆಯಿದೆ: ದುಡ್ಡಿದೆ ಎಂದು ಯಾರು ಬೇಕಾದರೂ ಬ್ಯಾನ್ಫ್‌ನಲ್ಲಿ ಮನೆ ಮಾಡಿಕೊಂಡು ಇರುವಂತಿಲ್ಲ, ಅಲ್ಲಿ ಉದ್ಯೋಗವೋ ವ್ಯವಹಾರವೋ ಇದ್ದವರು ಮಾತ್ರ ನೆಲೆಸಬಹುದು. ಬೆಟ್ಟದ ನೆಲ ಕಂಪನಿಯದಲ್ಲ, ಉದ್ಯಾನದ್ದು, ಕಂಪನಿ ಗುತ್ತಿಗೆದಾರ. 2000ದಲ್ಲಿ ಅವರು ಮಾಡಿಕೊಂಡ ರಾಷ್ಟ್ರೀಯ ಉದ್ಯಾನಗಳ ಕಾಯ್ದೆಯಲ್ಲಿ ಹೊಸ ಸ್ಕೀ ತಾಣಕ್ಕೆ ಅವಕಾಶವಿಲ್ಲ. ಮೊದಲಿಂದ ಇದ್ದವು ಮಾತ್ರ ಇರಬಹುದು, ಅವುಗಳ ಗಡಿಯನ್ನು ಕಾನೂನಿನ ಅನುಬಂಧದಲ್ಲೇ ಬರೆದಿದ್ದಾರೆ. ಬೇಸಿಗೆಯಲ್ಲೂ ಲಿಫ್ಟು ಓಡಿಸಬೇಕೆಂದು ನಾರ್ಕ್ವೇಯವರು ಕೇಳಿದಾಗ 2011ರಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ಅದಕ್ಕೆ ಪ್ರತಿಯಾಗಿ ಗುತ್ತಿಗೆಯ ಜಮೀನಿನ ಒಂದು ಭಾಗವನ್ನು ಉದ್ಯಾನಕ್ಕೆ ವಾಪಸು ಬಿಟ್ಟುಕೊಡಬೇಕಾಯಿತು. ಊರಿನಿಂದ ಬೆಟ್ಟಕ್ಕೆ ತೂಗುತೊಟ್ಟಿಲ ಗೊಂಡೋಲಾ ಹಾಕುತ್ತೇವೆ, ಕಾರುಗಳು ಕಡಿಮೆಯಾಗುತ್ತವೆ ಎಂದು ಪ್ರಸ್ತಾವ ಬಂದಾಗ 2019ರಲ್ಲಿ ಉದ್ಯಾನದವರು ಒಪ್ಪಲಿಲ್ಲ.

ಇನ್ನೊಂದು ಕಥೆ ಇದಕ್ಕಿಂತ ಹಳೆಯದು. 1972ರ ಚಳಿಗಾಲದ ಒಲಿಂಪಿಕ್ಸ್ ಬ್ಯಾನ್ಫ್‌ನಲ್ಲಿ ನಡೆಯಬೇಕೆಂದು ಕೆನಡಾ ಅರ್ಜಿ ಹಾಕಿತ್ತು. ರಾಷ್ಟ್ರೀಯ ಉದ್ಯಾನದೊಳಗೆ ಅದೆಲ್ಲ ಬೇಡ ಎಂದು ಅವರ ದೇಶದವರೇ ಗಲಾಟೆ ಮಾಡಿದರು. ಕ್ರೀಡೆ ಜಪಾನಿನ ಸಪ್ಪೊರೊಗೆ ಹೋಯಿತು. ಮುಂದೆ 1988ರಲ್ಲಿ ಕ್ಯಾಲ್ಗರಿಗೆ ಒಲಿಂಪಿಕ್ಸ್ ಸಿಕ್ಕಾಗ ಬೆಟ್ಟದ ಸ್ಪರ್ಧೆಗಳಿಗೆ ಉದ್ಯಾನದ ಹೊರಗೆ ನಕಿಸ್ಕ ಎಂಬಲ್ಲಿ ಹೊಸ ಜಾಗ ಮಾಡಿಕೊಂಡರು.

ಕೆನಡಾದವರು ದೇವತೆಗಳೆಂದು ನಾನು ಹೇಳುತ್ತಿಲ್ಲ. ಅದೇ ಉದ್ಯಾನ ಮಾಡುವಾಗ ತಲೆಮಾರುಗಳಿಂದ ಅಲ್ಲಿ ಬೇಟೆಯಾಡಿಕೊಂಡಿದ್ದ ಸ್ಟೋನಿ ನಕೋಡಾ ಜನರನ್ನು ಹೊರಗಿಟ್ಟರು. ಬಂದವರಿಗೆ ಹೋಟೆಲು, ಇದ್ದವರಿಗೆ ಬೇಲಿ. ಆ ಪಾಪ ಅವರ ಲೆಕ್ಕದಲ್ಲಿದೆ. ನಾನು ಹೇಳುವುದಿಷ್ಟೆ: ನಾರ್ಕ್ವೇ ಸಣ್ಣದಾಗಿ ಉಳಿದಿರುವುದು ಬೆಟ್ಟ ಸಣ್ಣದೆಂಬ ಕಾರಣಕ್ಕಲ್ಲ, ಅಲ್ಲಿಯ ಕಂಪನಿಗೆ ಆಸೆ ಕಡಿಮೆಯೆಂಬ ಕಾರಣಕ್ಕಂತೂ ಅಲ್ಲವೇ ಅಲ್ಲ. 'ಇಷ್ಟೇ' ಎಂದು ಒಂದು ಕಾಗದದಲ್ಲಿ ಬರೆದಿದೆ. ಆ ಕಾಗದವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ. ನಮ್ಮ ಗೆಳೆಯರ ಮನವಿಪತ್ರದಲ್ಲಿ ಲಿಫ್ಟು ಇತ್ತು, ಕಾಟೇಜಿತ್ತು, ಜಾರುಬಂಡಿಯಿತ್ತು. ಆ ಕಾಗದ ಇರಲಿಲ್ಲ, ಆ ಮನುಷ್ಯನೂ ಇರಲಿಲ್ಲ.

ನಮ್ಮಲ್ಲಿ 'ಸಣ್ಣ ಪ್ರಮಾಣ' ಎಂದರೇನು ಎಂಬುದನ್ನು ಕಣ್ಣಾರೆ ನೋಡಿದ್ದೇನೆ. ಚಿಕ್ಕಮಗಳೂರು ಕಡೆಯ ಒಂದು ಜಾಗಕ್ಕೆ, ಹೆಸರು ಬೇಡ, ನಾವು ಮೊದಲ ಸಲ ಹೋದಾಗ ಕಾಫಿ ತೋಟದ ಮನೆಯಲ್ಲಿ ಮೂರು ಕೋಣೆ ಇದ್ದವು. ತೋಟದವರೇ ಅಕ್ಕಿರೊಟ್ಟಿ ಮಾಡಿ ಬಡಿಸಿದ್ದರು. ಮುಂದಿನ ಸಲ ಹೋದಾಗ ಹನ್ನೆರಡು ಕೋಣೆ, ಒಂದು ಈಜುಕೊಳ. ಹಳ್ಳದ ನೀರಿಗೆ ಪಂಪು ಹಾಕಿ ಕೊಳ ತುಂಬಿಸಿದ್ದರು. ಕೆಳಗಿನ ಗದ್ದೆಯವರು ಬಂದು ಕೂಗಾಡುತ್ತಿದ್ದರು. ಮೂರನೆಯ ಸಲ ರಾತ್ರಿ ಎರಡರವರೆಗೆ ಧ್ವನಿವರ್ಧಕ. ಬೆಳಿಗ್ಗೆ ಹಳ್ಳದ ಬಂಡೆಗಳ ಸಂದಿಯಲ್ಲಿ ಬಾಟಲಿ ಚೂರು ತುಳಿದು ನನ್ನ ಹೆಂಡತಿಯ ಕಾಲು ಸೀಳಿತು. ಫಲಕದಲ್ಲಿ ಮಾತ್ರ ಮೊದಲ ದಿನದ ಅಕ್ಷರಗಳೇ ಇದ್ದವು: ಕುಟುಂಬಗಳಿಗೆ ಮಾತ್ರ.

ಈಗ ಕುದುರೆಮುಖಕ್ಕೆ ಬರೋಣ. 'ಒಂದು ಮರ ಇಲ್ಲದ ಗುಡ್ಡ' ಎಂಬ ಮಾತಿನಲ್ಲೇ ನಮ್ಮ ಬಯಲುಸೀಮೆಯವರ ಅಜ್ಞಾನವೆಲ್ಲ ಇದೆ. ನನ್ನದೂ ಸೇರಿ. ನಾವು ಮರವಿದ್ದರೆ ಕಾಡು, ಹುಲ್ಲಿದ್ದರೆ ಬೀಳು ಎಂದು ಲೆಕ್ಕ ಹಾಕುವವರು. ಆ ಬೆಟ್ಟಗಳಲ್ಲಿ ಕಣಿವೆಯ ಮಡಿಲಲ್ಲಿ ದಟ್ಟ ಶೋಲಾ ಕಾಡು, ನೆತ್ತಿಯಲ್ಲಿ ಹುಲ್ಲು; ಎರಡೂ ಸೇರಿ ಒಂದೇ ಸಂಸಾರ. ವರ್ಷಕ್ಕೆ 6000 ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ಜಾಗ ಅದು. ದಾವಣಗೆರೆಯಲ್ಲಿ ಬೀಳುವುದು ಅದರ ಹತ್ತರಲ್ಲೊಂದು ಪಾಲು. ಅಷ್ಟು ಮಳೆ ಬಿದ್ದರೂ ಮಣ್ಣು ಕೊಚ್ಚಿಹೋಗದೆ ನಿಂತಿರುವುದು ಆ ಹುಲ್ಲಿನ ಬೇರಿನ ಹಿಡಿತದಿಂದ. ಮಳೆ ನೀರನ್ನು ಹುಲ್ಲು ಮತ್ತು ಶೋಲಾ ಹೀರಿ ಇಟ್ಟುಕೊಂಡು, ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಜಿನುಗಿಸುತ್ತವೆ. ಹುಲ್ಲುಗಾವಲಿನ ಮೇಲೆ ಜೀಪಿನ ಚಕ್ರ ಒಮ್ಮೆ ಸೀಳಿದ ಗಾಯ ಮುಂದಿನ ಮಳೆಯಲ್ಲಿ ಕಾಲುವೆಯಾಗುತ್ತದೆ. ಅದರ ಮೇಲೆ ದಿನವೂ ನೂರಾರು ಜಾರುಬಂಡಿ ಓಡಿಸಿದರೆ ಏನುಳಿದೀತು? ನಾರ್ಕ್ವೇಯಲ್ಲಿ ಸ್ಕೀ ಹಲಗೆಗೂ ನೆಲಕ್ಕೂ ನಡುವೆ ದಪ್ಪನೆಯ ಹಿಮವಾದರೂ ಇರುತ್ತದೆ. ಇಲ್ಲಿ ಹುಲ್ಲೇ ಹಾಸಿಗೆ, ಹುಲ್ಲೇ ಚರ್ಮ.

ಆ ಜಿನುಗು ಹೋಗುವುದೆಲ್ಲಿಗೆ? ಆ ಉದ್ಯಾನದೊಳಗಿನ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿಯ ಕಡೆ ಹೋಗುತ್ತಾಳೆ, ಭದ್ರೆ ಕಳಸ, ಬಾಳೆಹೊನ್ನೂರಿನ ಕಡೆ. ಕೂಡಲಿಯಲ್ಲಿ ಕೂಡಿ ತುಂಗಭದ್ರೆಯಾಗಿ ಹೊನ್ನಾಳಿ ದಾಟಿ ಹರಿಹರಕ್ಕೆ ಬರುತ್ತಾಳೆ. ಹರಿಹರೇಶ್ವರನ ಗುಡಿಯ ಹಿಂದಿನ ಮೆಟ್ಟಿಲಲ್ಲಿ ಈಜು ಕಲಿತವನು ನಾನು. ಹೊಸ ನೀರು ಬಂದಾಗ ಬಣ್ಣ ನೋಡಿ ತುಂಗೆ ಹೆಚ್ಚೋ ಭದ್ರೆ ಹೆಚ್ಚೋ ಎಂದು ಹಿರಿಯರು ವಾದಿಸುತ್ತಿದ್ದರು. ದಾವಣಗೆರೆಯ ನಲ್ಲಿಗೆ ಬರುವ ನೀರು ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ಹೊಳೆಯಿಂದ ಎತ್ತಿದ್ದು, ಇಲ್ಲವೆ ಭದ್ರಾ ನಾಲೆಯಿಂದ ಕೆರೆಗೆ ಬಿಟ್ಟದ್ದು. ನಾವು ದಿನಾ ಬೆಳಿಗ್ಗೆ ಸುತ್ತು ಹಾಕುವ ಕುಂದುವಾಡ ಕೆರೆಯೂ ಭದ್ರಾ ನೀರೇ. ಗೆಳೆಯರು ಆ ಬೋಳು ಗುಡ್ಡವನ್ನು ಬೈದದ್ದು ಆ ಗುಡ್ಡದ ನೀರಿನ ದಂಡೆಯ ಮೇಲೆ ನಿಂತುಕೊಂಡು. 2023ರಲ್ಲಿ ಮಳೆ ಕೈಕೊಟ್ಟಾಗ ಭದ್ರಾ ನಾಲೆಯ ನೀರಿಗಾಗಿ ದಾವಣಗೆರೆಯ ರೈತರು ಬೀದಿಗಿಳಿದಿದ್ದು ಅವರಿಗೂ ಗೊತ್ತು. ಅವತ್ತು ಅವರ ಅಂಗಡಿಯ ಷಟರ್ರೂ ಇಳಿದಿತ್ತು.

ಅಲ್ಲಿ ಒಂದು ಪಾಠ ಆಗಲೇ ಆಗಿ ಹೋಗಿದೆ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಸ್ಥಾಪನೆಯಾಯಿತು. ದೇಶಕ್ಕೆ ಡಾಲರು ಬರುತ್ತದೆ, ಜನಕ್ಕೆ ಕೆಲಸ ಸಿಗುತ್ತದೆ ಎಂದರು. ಎರಡೂ ಸುಳ್ಳಾಗಿರಲಿಲ್ಲ. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು, ನಡುವೆ ಗಣಿ ನಡೆದೇ ಇತ್ತು. ಗಣಿಯ ಹೂಳು ಭದ್ರೆಗೆ ಇಳಿಯುತ್ತಿದೆ ಎಂದು ಕೂಗಿದವರನ್ನು ಅಭಿವೃದ್ಧಿಯ ವೈರಿಗಳೆಂದರು. ನಾಗರಹೊಳೆಯಲ್ಲಿ ರೇಂಜರಾಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿರುವ ಗಣಿಯ ಕೆಸರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಖಾಲಿಬಿದ್ದ ಟೌನ್‌ಶಿಪ್ಪನ್ನು ನೋಡಿದವರಿಗೆಲ್ಲ 'ಇಲ್ಲಿ ಪ್ರವಾಸೋದ್ಯಮ ಮಾಡಬಹುದಲ್ಲ' ಎನ್ನಿಸುವುದು ಸಹಜ. ಗಣಿ ನಿಂತಾಗಿನಿಂದ ಆ ಮಾತು ನಾನಾ ವೇಷದಲ್ಲಿ ಬರುತ್ತಲೇ ಇದೆ. ನಮ್ಮ ಗೆಳೆಯರದು ಅದರಲ್ಲಿ ಅತ್ಯಂತ ಮುಗ್ಧ ವೇಷ, ಮೊಮ್ಮಕ್ಕಳ ವೇಷ.

'ಸ್ಥಳೀಯರಿಗೆ ಉದ್ಯೋಗ' ಎಂದು ಮನವಿಪತ್ರದಲ್ಲಿ ಒಂದು ಸಾಲಿತ್ತು. ಯಾವ ಸ್ಥಳೀಯರು? ಉದ್ಯಾನದೊಳಗೆ ತಲೆಮಾರುಗಳಿಂದ ಗದ್ದೆ, ಅಡಿಕೆ ಮಾಡಿಕೊಂಡಿರುವ ಮಲೆಕುಡಿಯರಿಗೆ, ರೈತರಿಗೆ ವರ್ಷಗಳಿಂದ ಹೇಳುತ್ತಿರುವುದು 'ಪರಿಹಾರ ತಗೊಂಡು ಹೊರಗೆ ಹೋಗಿ' ಎಂದು. ರಸ್ತೆ ಕೇಳಿದರೆ ಕಾನೂನು ಅಡ್ಡ, ಕರೆಂಟು ಕೇಳಿದರೆ ಕಾನೂನು ಅಡ್ಡ. ಅವರನ್ನು ಇಳಿಸಿದ ನೆಲಕ್ಕೆ ನಮ್ಮನ್ನು ರೋಪ್‌ವೇಯಲ್ಲಿ ಹತ್ತಿಸುವುದಾದರೆ ಕಾಡು ಕಾಯುವ ಮಾತಿಗೆ ಅರ್ಥವೇನು? ಹಾಗಿದ್ದರೆ ಅವರೇ ಅಲ್ಲಿ ಇರಲಿ. ಹೊಟ್ಟೆಪಾಡಿಗೆ ಕಾಡಿನಲ್ಲಿರುವವನು ಹೊಟ್ಟೆ ತುಂಬಿದ ಮೇಲೆ ಕಾಡಿಗೆ ಬರುವವನಿಗಿಂತ ಎಷ್ಟೋ ವಾಸಿ.

ಕುದುರೆಮುಖ ಒಂದೇ ಅಲ್ಲ. ಮೂಕಾಂಬಿಕಾ ಅಭಯಾರಣ್ಯದ ನಡುವೆ ಇರುವ ಕೊಡಚಾದ್ರಿಗೂ ರೋಪ್‌ವೇಯ ಪ್ರಸ್ತಾವ ಬಂದಿದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ನೆರೆದ ಚಿತ್ರವನ್ನು ಎಲ್ಲರೂ ನೋಡಿದ್ದೀರಿ. ಅದಾದ ಮೇಲೆ ಅರಣ್ಯ ಇಲಾಖೆ ಎಚ್ಚೆತ್ತು ಚಾರಣದ ಹಾದಿಗೆ ದಿನಕ್ಕೆ 300 ಜನ ಎಂದು ಮಿತಿ ಹಾಕಿ, ಮುಂಗಡವಾಗಿ ಹೆಸರು ನೋಂದಾಯಿಸಬೇಕೆಂದಿತು. ಬೈದವರು ಬಹಳ ಜನ. ನನಗಂತೂ ಆ 300 ಎಂಬ ಅಂಕಿಯನ್ನು ಕಂಡು ಸಂತೋಷವಾಯಿತು. ಅದು ಸರಿಯಾದ ಅಂಕಿಯೇ, ಹೆಚ್ಚೇ, ಕಡಿಮೆಯೇ ಎಂದು ಜಗಳ ಮಾಡೋಣ. ಆದರೆ ಜಗಳಕ್ಕೆ ಒಂದು ಅಂಕಿಯಾದರೂ ಸಿಕ್ಕಿತಲ್ಲ. 'ಸಣ್ಣ ಪ್ರಮಾಣ' ಎಂಬುದರ ಜೊತೆ ಯಾರು ಜಗಳ ಮಾಡಲು ಸಾಧ್ಯ?

ಗೆಳೆಯರ ಒಂದು ಮಾತಿಗೆ ಮಾತ್ರ ನನ್ನಲ್ಲಿ ಸುಲಭದ ಉತ್ತರವಿಲ್ಲ. "ಏಪ್ರಿಲ್ ತಿಂಗಳಾಗ ದಾವಣಗೇರಿ ಕಾದ ಹಂಚು. ದುಡ್ಡಿದ್ದೋರು ಊಟಿಗೆ ಹೋಗ್ತಾರ, ಸಿಮ್ಲಾಕ್ಕ ಹೋಗ್ತಾರ. ನಮ್ಮ ಅಂಗಡಿ ಹುಡುಗ ಹೆಂಡ್ರು ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗಬೇಕ್ರಿ?" ಇದು ನ್ಯಾಯದ ಪ್ರಶ್ನೆ. ಕಾಡಿನ ಪರ ಮಾತಾಡುವ ನಮ್ಮಂಥವರು ಇದನ್ನು ಕೇಳಿಸಿಕೊಳ್ಳದ ಹಾಗೆ ಇರುತ್ತೇವೆ. ಬೆಟ್ಟದ ತಂಪು ಬಡವನಿಗೂ ಬೇಕು. ಆದರೆ ಆ ನಲವತ್ತು ಕಾಟೇಜುಗಳ ಬಾಡಿಗೆ ಅಂಗಡಿ ಹುಡುಗನ ತಿಂಗಳ ಸಂಬಳಕ್ಕೆ ನಿಲುಕುತ್ತದೆಯೆ ಎಂದು ಕೇಳಿದ್ದಕ್ಕೆ ಅವರು ಕೆರೆಯ ಕಡೆ ತಿರುಗಿದರು.

ಉತ್ತರ ನಮ್ಮ ಹತ್ತಿರವೇ ಇತ್ತು, ಈಗಲೂ ಇದೆ. ಕೆಮ್ಮಣ್ಣುಗುಂಡಿ. ಹೆಸರೇ ಹೇಳುವಂತೆ ಕೆಂಪು ಮಣ್ಣಿನ, ಅದಿರಿನ ಜಾಗ. ಭದ್ರಾವತಿಯ ಕಾರ್ಖಾನೆಗೆ ಅಲ್ಲಿಂದ ತೂಗುಹಗ್ಗದ ಬಾಂಡ್ಲಿಗಳಲ್ಲಿ ಅದಿರು ಇಳಿಯುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯುತ್ತಿದ್ದ ಗಿರಿಧಾಮ ಮುಂದೆ ತೋಟಗಾರಿಕೆ ಇಲಾಖೆಗೆ ಬಂತು, ಅವರ ಹೆಸರನ್ನೇ ಹೊತ್ತಿತು. ಅರಸರ ಜಾಗ ಪ್ರಜೆಗಳದಾಯಿತು. ನನ್ನ ಅಪ್ಪ ದಾವಣಗೆರೆಯ ಹತ್ತಿಗಿರಣಿಯೊಂದರಲ್ಲಿ ಗುಮಾಸ್ತರು. 1978ರ ಬೇಸಿಗೆಯಲ್ಲಿ ಬೀರೂರಿನವರೆಗೆ ಒಂದು ರೈಲು, ತರೀಕೆರೆಗೆ ಇನ್ನೊಂದು, ಅಲ್ಲಿಂದ ಲಿಂಗದಹಳ್ಳಿಯ ಮೇಲೆ ಬಸ್ಸು. ಕಲ್ಲತ್ತಿಗಿರಿಯ ನೀರು ದಾಟಿ ಮೇಲೆ ಹೋದಂತೆ ಅವ್ವ ಸೆರಗು ಹೊದ್ದುಕೊಂಡದ್ದು ನೆನಪಿದೆ. ಬೇಸಿಗೆಯಲ್ಲಿ ಚಳಿಯಾಗುವುದು ಅವಳಿಗೆ ಅದೇ ಮೊದಲು. ನಮ್ಮ ಕೋಣೆಯ ಬಾಡಿಗೆ ಅಪ್ಪನ ಒಂದು ದಿನದ ಸಂಬಳಕ್ಕಿಂತ ಹೆಚ್ಚಿರಲಿಲ್ಲ. ಗುಲಾಬಿ ತೋಟ, ಮಂಜು, ಜ಼ಡ್ ಪಾಯಿಂಟಿನ ತನಕ ನಡಿಗೆ, ಕಟ್ಟಿಕೊಂಡು ಹೋಗಿದ್ದ ಜೋಳದ ರೊಟ್ಟಿ ಗಟ್ಟಿಯಾಗಿ ಅದನ್ನು ಚಹಾದಲ್ಲಿ ಅದ್ದಿ ತಿಂದದ್ದು. ಜಾರುಬಂಡಿ ಇಲ್ಲವಲ್ಲ ಎಂದು ನಾವು ಮೂವರು ಮಕ್ಕಳೂ ಅಳಲಿಲ್ಲ.

ಹಾಗಾಗಿ ನನ್ನ ಬೇಡಿಕೆ ಬೇರೆ. ಕೆಮ್ಮಣ್ಣುಗುಂಡಿಯಂಥ, ಈಗಾಗಲೇ ಮನುಷ್ಯ ಕಾಲಿಟ್ಟಿರುವ ಸಾರ್ವಜನಿಕ ಜಾಗಗಳಿಗೆ ದುಡ್ಡು ಹಾಕಿ. ಬಾಡಿಗೆ ಗುಮಾಸ್ತನಿಗೆ ನಿಲುಕುವಂತಿರಲಿ. ಬೇಸಿಗೆಯಲ್ಲಿ ದಾವಣಗೆರೆಯಿಂದ ನೇರ ಬಸ್ಸು ಬಿಡಿ. ಖಾಸಗಿಯವರಿಗೆ ಕೊಡಬೇಡಿ. ಕುದುರೆಮುಖದಲ್ಲಿ ಹೊಸದೊಂದು ಇಟ್ಟಿಗೆಯೂ ಬೇಡ. ನೋಡುವವರು ಹಗಲು ಹೋಗಿ ನಡೆದು ನೋಡಲಿ, ರಾತ್ರಿ ಕಳಸಕ್ಕೋ ಶೃಂಗೇರಿಗೋ ಇಳಿದು ಮಲಗಲಿ. ಊಟದ ದುಡ್ಡು, ಹಾಸಿಗೆಯ ದುಡ್ಡು ಆ ಊರುಗಳವರಿಗೆ ಹೋಗಲಿ. ಹರಿಹರದವರಿಗೆ ಇನ್ನೂ ಒಂದು ಮಾತು: ನಮ್ಮ ಮಗ್ಗುಲಲ್ಲೇ ಕೊಂಡಜ್ಜಿಯ ಗುಡ್ಡ, ಕೆರೆ, ಸ್ಕೌಟ್ಸ್ ಶಿಬಿರದ ಜಾಗ ಇದೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಬುತ್ತಿ ಬಿಚ್ಚಲು ಅದಕ್ಕೆ ಯಾರ ಅಪ್ಪಣೆಯೂ ಬೇಡ. ಎಷ್ಟು ಜನ ಹೋಗಿದ್ದೀರಿ?

ಇದನ್ನೆಲ್ಲ ಅವರ ಮನವಿಪತ್ರದ ಹಿಂದುಗಡೆ ಪೆನ್ನಿನಲ್ಲಿ ಬರೆದೆ. ದಿನಕ್ಕೆ ಎಷ್ಟು ಜನ, ಎಷ್ಟು ವಾಹನ ಎಂಬ ಅಂಕಿಗಳಿಗೆ ಖಾಲಿ ಜಾಗ ಬಿಟ್ಟು, ಅದರ ಕೆಳಗೆ ಸಹಿ ಮಾಡಿದೆ. ಗೆಳೆಯರು ಕನ್ನಡಕ ಏರಿಸಿ ಪೂರ್ತಿ ಓದಿದರು. ಮತ್ತೊಮ್ಮೆ ಮುಂಭಾಗ ತಿರುಗಿಸಿ ನನ್ನ ಮೊಮ್ಮಗಳ ಫೋಟೋ ನೋಡಿದರು.

"ಈ ಸಹಿ ನಡೆಯಂಗಿಲ್ರಿ, ಹಿಂದ್ ಹಾಕೀರಿ" ಎಂದರು.

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು. ಹರಿದು ಹಾಕಲಿಲ್ಲ. ಏರಿಯ ಕೊನೆಯ ಅರ್ಧ ಸುತ್ತು ಬಾಕಿ ಇತ್ತು, ಇಬ್ಬರೂ ನಡೆದೆವು. ಕೆರೆಗೆ ನಾಲೆಯ ನೀರು ಬಿಟ್ಟಿದ್ದರು.